ಒಂದೇ ಸೂಲಿನ ಮರಿಗಳಲ್ಲಿ ಹಿರಿದು ಕಿರಿದೇಕೆ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿಮಣ್ಣಿನ ಸೀಮೆಯಲ್ಲಿ ನಾಯಿಯಿಲ್ಲದ ಊರಿಲ್ಲ. ಕುರಿಹಿಂಡನ್ನು ಕಾಯುವ ನಾಯಿಯುಂಟು. ತೊಗರಿಯ ಕಣದ ಬದಿಯಲ್ಲಿ ಮಲಗುವ ನಾಯಿಯುಂಟು. ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಬೀದಿನಾಯಿಗಳು ಹೆಚ್ಚಾಗಿ ಮರಿಹಾಕುತ್ತವೆ. ಬಣವೆಯ ಮರೆಯಲ್ಲಿರುವ ಮರಿಗಳನ್ನು ಗಮನಿಸಿದರೆ, ಒಂದು ದುಂಡಗೆ ಕೊಬ್ಬಿರುತ್ತದೆ. ಇನ್ನೊಂದು ಬಡಕಲಾಗಿ ಮೂಲೆ ಹಿಡಿದಿರುತ್ತದೆ. ತಾಯಿ ಒಂದೇ, ಹುಟ್ಟಿದ ದಿನವೂ ಒಂದೇ. ಈ ಅಂತರ ಎಲ್ಲಿಂದ ಬಂದಿತು?

ಸಣ್ಣ ಮರಿಯು ತಡವಾಗಿ ಗರ್ಭಕಟ್ಟಿದುದೆಂದು ಹೇಳುವವರುಂಟು. ಇದು ಸರಿಯಲ್ಲ. ಭ್ರೂಣಗಳೆಲ್ಲವೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಗರ್ಭಾಶಯದ ಗೋಡೆಗೆ ನೆಲೆಗೊಳ್ಳುತ್ತವೆ. ಸುಮಾರು 63 ದಿನಗಳ ಗರ್ಭವಾಸ ಎಲ್ಲಕ್ಕೂ ಸಮಾನ.

ಸಮಾನವಲ್ಲದುದು ಆಹಾರ. ನಾಯಿಯ ಗರ್ಭಾಶಯಕ್ಕೆ ಉದ್ದವಾದ ಎರಡು ಕವಲುಗಳಿವೆ. ತೊಗರಿಕಾಯಿಯೊಳಗಿನ ಕಾಳುಗಳಂತೆ ಮರಿಗಳು ಅವುಗಳಲ್ಲಿ ಸಾಲಾಗಿ ಬೆಳೆಯುತ್ತವೆ. ಪ್ರತಿ ಮರಿಗೂ ತನ್ನದೇ ಮಾಸು ಇದ್ದು, ಅದು ಮರಿಯ ಪೊರೆಚೀಲವನ್ನು ನಡುಪಟ್ಟಿಯಂತೆ ಸುತ್ತುವರಿದಿರುತ್ತದೆ. ಪಟ್ಟಿ ಅಗಲವಾಗಿದ್ದು ರಕ್ತ ಧಾರಾಳವಾಗಿ ಹರಿದರೆ ಮರಿ ಪುಷ್ಟವಾಗುತ್ತದೆ, ಇಲ್ಲವಾದರೆ ಕೃಶವಾಗುತ್ತದೆ.

ಆನುವಂಶಿಕತೆಗೂ ಇಲ್ಲಿ ಪಾಲುಂಟು. ಹೆಣ್ಣು ನಾಯಿ ಬೆದೆಯ ಕಾಲದಲ್ಲಿ ಹಲವು ಗಂಡುಗಳೊಡನೆ ಕೂಡುವುದರಿಂದ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರುವುದು ಸಾಧ್ಯ. ದೇಹದ ಗಾತ್ರವನ್ನು ಬಹುಮಟ್ಟಿಗೆ ನಿಯಂತ್ರಿಸುವ ಒಂದು ಜೀನನ್ನು ವಿಜ್ಞಾನಿಗಳು 2007ರಲ್ಲಿ ನಾಯಿಗಳಲ್ಲಿ ಗುರುತಿಸಿದರು. ಆದರೆ ಅದರ ಪ್ರಭಾವ ಮುಖ್ಯವಾಗಿ ಬೆಳೆದ ನಾಯಿಯ ಗಾತ್ರದ ಮೇಲೆ. ಆದುದರಿಂದ ಹುಟ್ಟಿನಲ್ಲಿ ಕಿರಿದಾದುದು ಕೊನೆಯವರೆಗೂ ಕಿರಿದಾಗಿಯೇ ಉಳಿಯಬೇಕೆಂಬ ನಿಯಮವಿಲ್ಲ.

ಬದುಕಿ ಉಳಿದರೆ ಮಾತ್ರ! ಅಪಾಯವಿರುವುದು ಮೊದಲ ಎರಡು ವಾರಗಳಲ್ಲಿ. ಒಂದು ಅಂಗುಲದ ಘನಾಕೃತಿಗೆ ಮೇಲ್ಮೈ 6 ಚದರ ಅಂಗುಲ, ಗಾತ್ರ 1 ಘನ ಅಂಗುಲ. ಎರಡು ಅಂಗುಲದ ಘನಾಕೃತಿಗೆ ಮೇಲ್ಮೈ 24, ಗಾತ್ರ 8. ಎಂದರೆ ಗಾತ್ರದ ಮೂರು ಪಟ್ಟು ಮಾತ್ರ. ದೇಹ ಚಿಕ್ಕದಾದಷ್ಟೂ ಶಾಖ ಬೇಗ ಸೋರಿಹೋಗುವುದು ಈ ಕಾರಣದಿಂದಲೇ. ನವಜಾತ ಮರಿಗೆ ನಡುಗಿ ಬೆಚ್ಚಗಾಗುವ ಶಕ್ತಿಯೂ ಇರುವುದಿಲ್ಲ. ತಣ್ಣಗಾದ ಮರಿ ಹಾಲನ್ನು ಚೀಪಲಾರದು, ಜೀರ್ಣಿಸಿಕೊಳ್ಳಲಾರದು; ಬಲವಾದ ಮರಿಗಳು ಅದನ್ನು ಮೊಲೆಯಿಂದ ದೂಡುತ್ತವೆ. ರೋಗಗಳನ್ನು ತಡೆಯುವ ಗಿಣ್ಣುಹಾಲಿನ ವಸ್ತುಗಳನ್ನು ಮರಿಯ ಕರುಳು ಹೀರಬಲ್ಲುದು ಮೊದಲ ದಿನ ಮಾತ್ರ. ಅಂದು ತಪ್ಪಿದುದು ಮತ್ತೆ ದೊರೆಯದು.

ಹಾಗಾದರೆ ನಾವು ಮಾಡಬಹುದಾದುದೇನು? ಸಾಕುನಾಯಿಯ ಮರಿಯಾದರೆ ಮೊದಲು ಬೆಚ್ಚಗಿರಿಸಿ, ಬಳಿಕ ತಾಯಿಯ ಮೊಲೆಗೆ ಹಿಡಿಯಬೇಕು. ಹಸುವಿನ ಹಾಲು ಅದಕ್ಕೆ ಸಾಲದು. ನಾಯಿಯ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಅದರ ಸುಮಾರು ಎರಡು ಪಟ್ಟು ಇರುತ್ತವೆ. ಅಡಿಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗುವುದು ಒಳ್ಳೆಯದು. ಆರೋಗ್ಯವುಳ್ಳ ಮರಿಯ ತೂಕ ಸುಮಾರು ಎರಡು ವಾರಗಳೊಳಗೆ ಇಮ್ಮಡಿಯಾಗುತ್ತದೆ. ತೂಕ ಇಳಿಯತೊಡಗಿದರೆ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಬೀದಿಯ ತಾಯಿನಾಯಿ ಮರಿಗಳ ಬಳಿ ಇದ್ದಾಗ ಮಾತ್ರ ಕೈಚಾಚಬಾರದು, ಅದು ಕಚ್ಚೀತು.

ಬಡಕಲು ಮರಿ ಹಣೆಬರಹದಿಂದ ಸಾಯುವುದಲ್ಲ. ಚಳಿ ಮತ್ತು ಹಸಿವಿನಿಂದ ಸಾಯುತ್ತದೆ. ಇವೆರಡನ್ನೂ ನೀಗಿಸುವುದು ಹಲವು ವೇಳೆ ನಮ್ಮ ಕೈಯಲ್ಲಿದೆ.