ದೀಪದ ಬುಡದಲ್ಲೇ ಕತ್ತಲು!

ನಾಡಿಗೆ ಕರೆಂಟು ಕೊಟ್ಟ ರಾಯಚೂರಿಗೆ ಗುಳೆಯೇ ಗತಿ

ರಾಯಚೂರು: ಬೆಂಗಳೂರಿನ ದೊಡ್ಡ ದೊಡ್ಡ ಅಂಗಡಿಗಳಲ್ಲಿ ಝಗಮಗ ಉರಿಯುವ ದೀಪದ ಕರೆಂಟು ಎಲ್ಲಿಂದ ಬರುತ್ತೆ ಅಂತ ಕೇಳಿದರೆ ಅಲ್ಲಿನವರು ಗೋಡೆಯ ಸ್ವಿಚ್ಚು ತೋರಿಸಿಯಾರು. ರಾಯಚೂರಿನವರಿಗೆ ಗೊತ್ತು. ಶಕ್ತಿನಗರದ ಚಿಮಣಿಗಳು 1985ರಿಂದ ಹೊಗೆ ಉಗುಳುತ್ತಾ ಬಂದಿವೆ. 8 ಘಟಕ, 1720 ಮೆಗಾವಾಟ್ ಸಾಮರ್ಥ್ಯ. ಅದು ಸಾಲದು ಅಂತ ಯರಮರಸ್‌ನಲ್ಲಿ 1600 ಮೆಗಾವಾಟ್‌ನ ಇನ್ನೊಂದು ಸ್ಥಾವರ. ಬೆಳಕು ನಾಡಿಗೆಲ್ಲ, ಬೂದಿ ಮಾತ್ರ ಇಲ್ಲಿಗೆ!

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲ ಅಗೆದರೆ ಚಿನ್ನ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಸಿಂಧನೂರಿನ ಅಕ್ಕಿ ಮೂಟೆ ಊರೂರಿಗೆ ಹೋಗುತ್ತೆ. ಹತ್ತಿಯ ಹಂಗಾಮಿನಲ್ಲಿ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. ಇಷ್ಟೆಲ್ಲ ಇದ್ದೂ ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯ ಜನ ಗಂಟುಮೂಟೆ ಕಟ್ಟಿ ಬೆಂಗಳೂರು ಬಸ್ಸು ಹತ್ತುವುದು ನಿಂತಿಲ್ಲ. ಯಾಕೆ?

ಲೆಕ್ಕದ ಸಿರಿ, ಬದುಕಿನ ಬರ

ತಲಾ ಆದಾಯದಲ್ಲಿ ಕರ್ನಾಟಕ ದೇಶದ ದೊಡ್ಡ ರಾಜ್ಯಗಳ ಮುಂಚೂಣಿಯಲ್ಲಿದೆ ಅಂತ ವಿಧಾನಸೌಧದಲ್ಲಿ ಎದೆತಟ್ಟಿ ಹೇಳುತ್ತಾರೆ. ಸುಳ್ಳಲ್ಲ. ಆದರೆ ತಲಾ ಆದಾಯ ಅಂದರೇನು? ಸಾಹುಕಾರನ ಸಾವಿರವನ್ನೂ ಕೂಲಿಯವನ ಹತ್ತನ್ನೂ ಕೂಡಿಸಿ, ಇಬ್ಬರಿಗೂ ಸಮನಾಗಿ ಹಂಚಿದಂತೆ ಕಾಗದದ ಮೇಲೆ ತೋರಿಸುವುದು. ಕೂಲಿಯವನ ಕೈಗೆ ಸಿಗುವುದು ಮತ್ತೆ ಆ ಹತ್ತೇ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ.

ಬಡತನ ಕಡಿಮೆಯಾಗಿಲ್ಲ ಅಂತಲೂ ಅಲ್ಲ. ನೀತಿ ಆಯೋಗ 2023ರಲ್ಲಿ ಹೊರಡಿಸಿದ ವರದಿ ಪ್ರಕಾರ, ಊಟ, ಶಾಲೆ, ಮನೆ, ನೀರು ಎಲ್ಲ ಸೇರಿಸಿ ಅಳೆದರೆ, ರಾಜ್ಯದಲ್ಲಿ 2015-16ರಲ್ಲಿ ಶೇ. 12.77ರಷ್ಟಿದ್ದ ಬಡವರು 2019-21ರ ಹೊತ್ತಿಗೆ ಶೇ. 7.58ಕ್ಕೆ ಇಳಿದರು. ಒಳ್ಳೇದೇ ಆಯ್ತು. ಆದರೆ ಅದೇ ವರದಿಯಲ್ಲಿ ಯಾದಗಿರಿ, ರಾಯಚೂರು ಜಿಲ್ಲೆಗಳ ಬಡತನ ರಾಜ್ಯದ ಸರಾಸರಿಗಿಂತ ಬಹಳ ಮೇಲೆ.

ಅಕ್ಷರದ ಕಥೆಯೂ ಅಷ್ಟೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 88 ಮಂದಿ ಓದು ಬರಹ ಬಲ್ಲವರು. ರಾಯಚೂರಿನಲ್ಲಿ 60 ಕೂಡ ಮುಟ್ಟಲಿಲ್ಲ.

ಕಾಲುವೆಯ ಕೊನೆಯವರ ಪಾಡು

ತುಂಗಭದ್ರಾ ಅಣೆಕಟ್ಟು ಎದ್ದದ್ದು 1953ರಲ್ಲಿ. ಎಡದಂಡೆ ಕಾಲುವೆಯಡಿ ಹೆಚ್ಚು ನೆಲಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಿದ್ದರು. ಮೇಲಿನವರು ಭತ್ತ ಹಚ್ಚಿದರು. ನೀರು ಅಲ್ಲೇ ಖರ್ಚಾಯಿತು. ಅತ್ತ ಜಲಾಶಯದಲ್ಲಿ ಹೂಳು ತುಂಬಿ, ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಸುಮಾರು 105ಕ್ಕೆ ಇಳಿಯಿತು. ಸಾಲದ್ದಕ್ಕೆ 2024ರ ಆಗಸ್ಟ್‌ನಲ್ಲಿ 19ನೇ ಗೇಟೇ ಕೊಚ್ಚಿಕೊಂಡು ಹೋಯಿತು. ಮಾನ್ವಿ, ರಾಯಚೂರು ತಾಲೂಕಿನ ಕೊನೇ ಭಾಗದ ರೈತ ಕಾಲುವೆ ನೋಡುತ್ತ ಕೂರಬೇಕು. ಭೂಮಿ ಇದ್ದವನ ಗತಿ ಇದು. ಇಲ್ಲದವನ ಗತಿ?

'ಊರಾಗ ಕೆಲ್ಸ ಎಲ್ಲೈತ್ರೀ?'

ಹಿಟ್ಟಿನ ಚೀಲ, ಸ್ಟವ್, ಕೊಡ, ಕಂಕುಳಲ್ಲಿ ಕೂಸು. ಗುಳೆ ಹೊರಟವರನ್ನು ಯಾವ ಕಂಡಕ್ಟರೂ ಗುರುತು ಹಿಡಿಯುತ್ತಾನೆ. ಯಾಕೆ ಹೊರಟಿರಿ ಅಂದರೆ ಸಿಗುವ ಉತ್ತರ ಒಂದೇ: ಊರಾಗ ಕೆಲ್ಸ ಎಲ್ಲೈತ್ರೀ? ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಆ ದುಡ್ಡು ಮದುವೆಗೋ, ಆಸ್ಪತ್ರೆಗೋ, ಹಳೇ ಸಾಲಕ್ಕೋ ಆಗಲೇ ಖರ್ಚು. ಬೆಂಗಳೂರಿನಲ್ಲಿ ಹತ್ತು ಅಂತಸ್ತಿನ ಕಟ್ಟಡ ಕಟ್ಟುವವರಿಗೆ ಅದರ ಪಕ್ಕದಲ್ಲೇ ತಗಡಿನ ಶೆಡ್ಡು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ ದುಡ್ಡು ಉಳಿಯಿತು, ನಿಜ. ಗುಳೆ ಹೋಗುವ ಖರ್ಚು ಕಮ್ಮಿಯಾಯಿತು, ಗುಳೆ ಕಮ್ಮಿಯಾಗಲಿಲ್ಲ! ಇದೇ ಕೂಲಿಗಳು 2020ರ ಮೇ ಮೊದಲ ವಾರ ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟಾಗ ಬಸ್ಸಿಗೆ ದುಪ್ಪಟ್ಟು ದರ ಕೇಳಿದ್ದರು. ಗದ್ದಲವಾದ ಮೇಲೆ ಉಚಿತವಾಯಿತು. ಜನ ಮರೆತಿಲ್ಲ.

ಉದ್ಯೋಗ ಖಾತ್ರಿ 2006ರ ಫೆಬ್ರವರಿಯಲ್ಲಿ ಶುರುವಾದಾಗ ರಾಜ್ಯದ ಮೊದಲ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಮನೆಗೆ ವರ್ಷಕ್ಕೆ 100 ದಿನ ಕೆಲಸ ಅಂದರು. ಆದರೆ ಕೂಲಿ ಬ್ಯಾಂಕಿಗೆ ಬೀಳುವಷ್ಟರಲ್ಲಿ ವಾರಗಟ್ಟಲೆ ಕಾಯುವ ಪಾಡು. ಸಂತೆ ಕಾಯುತ್ತದೆಯೇ? ಹೊಟ್ಟೆ ಕಾಯುತ್ತದೆಯೇ? ಮೇಸ್ತ್ರಿಯ ಮುಂಗಡವೇ ವಾಸಿ ಅನ್ನಿಸಿದರೆ ಅದು ಕೂಲಿಯವನ ತಪ್ಪಲ್ಲ.

ಗುಳೆ ಹೋದವರೆಲ್ಲ ಕೆಟ್ಟರು ಅಂತೇನಿಲ್ಲ. ಬೆಂಗಳೂರಿನ ದುಡ್ಡಲ್ಲಿ ಸಾಲ ತೀರಿಸಿದವರಿದ್ದಾರೆ, ಮನೆಗೆ ಸ್ಲ್ಯಾಬ್ ಹಾಕಿಸಿದವರಿದ್ದಾರೆ. ಊರ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಚುಕ್ತಾ ಆಗುವುದೂ ಆ ದುಡ್ಡಿನಿಂದಲೇ. ಆದರೆ ಅವರು ಊರಲ್ಲಿ ಇಲ್ಲದ ತಿಂಗಳುಗಳಲ್ಲಿ ಅದೇ ಅಂಗಡಿಯವನು ನೊಣ ಹೊಡೆಯುತ್ತ ಕೂರಬೇಕು. ಗುಳೆಯ ಪೆಟ್ಟು ಗುಳೆ ಹೋದವನಿಗೆ ಮಾತ್ರ ಅಂತ ತಿಳಿದರೆ ತಪ್ಪು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಮಕ್ಕಳಿಗೆ. ಹಾಜರಿ ಪುಸ್ತಕದಲ್ಲಿ ಹೆಸರು, ಶೆಡ್ಡಿನ ಮುಂದೆ ತಮ್ಮನನ್ನು ಆಡಿಸುವ ಕೆಲಸ. ಇವತ್ತು ಶಾಲೆ ಬಿಟ್ಟವನೇ ನಾಳೆ ಮೇಸ್ತ್ರಿಯ ಮುಂಗಡಕ್ಕೆ ಕೈ ಒಡ್ಡುವವನು.

ವರದಿಗೇನೂ ಬರವಿಲ್ಲ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವೇ. ಅವುಗಳಲ್ಲಿ ದೇವದುರ್ಗವೂ ಒಂದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 371 ಜೆ ಒಪ್ಪಿತು. ಓದಿದ ಹುಡುಗರಿಗೆ ಸೀಟು, ನೌಕರಿಯಲ್ಲಿ ಮೀಸಲು ಸಿಕ್ಕಿತು, ಅನುಕೂಲವಾಯಿತು. ಆದರೆ ಆರನೇ ಇಯತ್ತೆಗೇ ಶಾಲೆ ಬಿಟ್ಟು ಇಟ್ಟಿಗೆ ಹೊತ್ತವನಿಗೆ 371 ಜೆ ಏನು ಮಾಡೀತು? 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರು, ಯಾದಗಿರಿಗಳನ್ನು 'ಮಹತ್ವಾಕಾಂಕ್ಷಿ ಜಿಲ್ಲೆ' ಪಟ್ಟಿಗೆ ಸೇರಿಸಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ 'ಕಲ್ಯಾಣ' ಅಂತ ಹೆಸರೂ ಬಂತು. ಹೆಸರಿಗೆ ಬರವಿಲ್ಲ, ಅನುದಾನಕ್ಕೂ ಅಷ್ಟಾಗಿ ಬರವಿಲ್ಲ.

ಬೇಕಾದದ್ದು ಚಂದ್ರಲೋಕದ ವಸ್ತುವಲ್ಲ. ಯಾವ ಊರಿಂದ ಎಷ್ಟು ಮನೆ ಗುಳೆ ಹೋಯಿತು ಅಂತ ಪಂಚಾಯ್ತಿಯಲ್ಲೊಂದು ಪಕ್ಕಾ ಲೆಕ್ಕ. ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ಹಾಸ್ಟೆಲ್ಲು. ಕಾಲುವೆಯ ಕೊನೆಗೂ ಸರದಿಯ ನೀರು. ಮಾಡಿದ ಕೂಲಿಗೆ ಅದೇ ವಾರ ದುಡ್ಡು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಗೆ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಅದನ್ನು ಕೂಲಿಯವನು ಅಲೆದು ತರುವ ಬದಲು, ಮಂಡಳಿಯವರೇ ಕಟ್ಟಡದ ಬಳಿ ಹೋಗಿ ಕಾರ್ಡು ಕೊಡಲಿ. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲು ಮಾಡುವುದು ಅವರ ಹೆಸರಲ್ಲೇ ಅಲ್ಲವೇ?

ಓಟಿನ ದಿನ ಬೆಂಗಳೂರಿನಿಂದ ಇವರನ್ನು ಕರೆತರಲು ಗಾಡಿ ಕಳಿಸುವ ನಾಯಕರಿಗೆ ಯಾರು ಯಾವ ಶೆಡ್ಡಿನಲ್ಲಿದ್ದಾರೆ ಅಂತ ಚೆನ್ನಾಗಿ ಗೊತ್ತಿರುತ್ತೆ. ಆ ವಿಳಾಸ ಉಳಿದ ದಿನಗಳಲ್ಲೂ ನೆನಪಿದ್ದರೆ ಸಾಕು.