ಹಾರ್ಲೆಮ್‌ನ 135ನೇ ಬೀದಿಯ ಕತೆಮನೆ

ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್‌ನಲ್ಲಿ 2 ಅಥವಾ 3ನೇ ನಂಬರಿನ ಸಬ್‌ವೇ ರೈಲು ಹಿಡಿದು ಉತ್ತರಕ್ಕೆ ಹೊರಟು, 135ನೇ ಬೀದಿಯ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿದರೆ ಮಾಲ್ಕಂ ಎಕ್ಸ್ ಬುಲೆವಾರ್ಡ್. ಅದರ ಹಳೆಯ ಹೆಸರು ಲೆನಾಕ್ಸ್ ಅವೆನ್ಯೂ. ರಸ್ತೆಯ ಪೂರ್ವಕ್ಕೆ ಹಾರ್ಲೆಮ್ ಆಸ್ಪತ್ರೆ, ಪಶ್ಚಿಮಕ್ಕೆ ಕೆಂಪು ಇಟ್ಟಿಗೆಯ ಶಾಂಬರ್ಗ್ ಕೇಂದ್ರ. ಕಪ್ಪು ಜನರ ಇತಿಹಾಸ, ಸಾಹಿತ್ಯ, ಕಲೆಗಳಿಗೆ ಸಂಬಂಧಿಸಿದ 1 ಕೋಟಿ 10 ಲಕ್ಷಕ್ಕೂ ಹೆಚ್ಚು ವಸ್ತುಗಳಿರುವ ಈ ಸಂಶೋಧನಾ ಗ್ರಂಥಾಲಯಕ್ಕೆ ಜಗತ್ತಿನ ಎಲ್ಲ ಕಡೆಯಿಂದ ವಿದ್ವಾಂಸರು ಬರುತ್ತಾರೆ. ಮೂಲೆ ತಿರುಗಿ 135ನೇ ಬೀದಿಗೆ ಬಂದರೆ 103ನೇ ನಂಬರಿನ ಹಳೆಯ ಕಲ್ಲಿನ ಕಟ್ಟಡ ಕಾಣುತ್ತದೆ. ಶಾಂಬರ್ಗ್ ಕೇಂದ್ರ ಹುಟ್ಟಿದ್ದು ಇಲ್ಲಿ. ಸಂಶೋಧಕರು ಬರುವುದಕ್ಕೂ ಮೊದಲು ಈ ಕಟ್ಟಡಕ್ಕೆ ಓಡೋಡಿ ಬರುತ್ತಿದ್ದವರು ಬೀದಿಯ ಮಕ್ಕಳು. ಅವರಿಗೆ ಇಲ್ಲಿ ಕತೆ ಹೇಳುವವರಿದ್ದರು.

ಕಟ್ಟಡ ಬಾಗಿಲು ತೆರೆದದ್ದು 1905ರಲ್ಲಿ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ 1901ರಲ್ಲಿ ನ್ಯೂಯಾರ್ಕ್ ನಗರಕ್ಕೆ ಶಾಖಾ ಗ್ರಂಥಾಲಯಗಳಿಗೆಂದು ಕೊಟ್ಟ 52 ಲಕ್ಷ ಡಾಲರುಗಳಲ್ಲಿ ಎದ್ದ ಕಟ್ಟಡಗಳಲ್ಲಿ ಇದೂ ಒಂದು. ಆಗ ಈ ಓಣಿಗಳಲ್ಲಿ ಇದ್ದವರು ಹೆಚ್ಚಾಗಿ ಬಿಳಿಯರು, ಅವರಲ್ಲಿ ಯಹೂದಿಗಳು ಬಹಳ. ಮುಂದಿನ ಹದಿನೈದು ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಿಂದ, ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಕುಟುಂಬಗಳು ಇಲ್ಲಿ ನೆಲೆಯೂರಿದವು. ಗ್ರಂಥಾಲಯ ಮಾತ್ರ ಇದ್ದಂತೆಯೇ ಇತ್ತು. 1920ರಲ್ಲಿ ಶಾಖೆಯ ಮುಖ್ಯಸ್ಥೆಯಾಗಿ ಬಂದ ಅರ್ನೆಸ್ಟೀನ್ ರೋಸ್, ಬಿಳಿಯ ಮಹಿಳೆ, ಸುತ್ತಲಿನ ಜನ ಬದಲಾದರೆ ಒಳಗಿನ ಸಿಬ್ಬಂದಿಯೂ ಬದಲಾಗಬೇಕೆಂದು ಹಟ ಹಿಡಿದರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ಕಪ್ಪು ಗ್ರಂಥಪಾಲಕಿ ಕ್ಯಾಥರೀನ್ ಲ್ಯಾಟಿಮರ್ ಕೆಲಸ ಮಾಡಿದ್ದು ಇಲ್ಲಿಯೇ. ಮುಂದೆ ಕಾದಂಬರಿಗಾರ್ತಿಯಾಗಿ ಹೆಸರಾದ ನೆಲಾ ಲಾರ್ಸೆನ್ 1920ರ ದಶಕದಲ್ಲಿ ಇಲ್ಲಿ ಮಕ್ಕಳ ಗ್ರಂಥಪಾಲಕಿಯಾಗಿದ್ದರು. ಅಮೆರಿಕದ ಸಾಹಿತ್ಯ ಚರಿತ್ರೆಯಲ್ಲಿ ನಿಂತ ಲೇಖಕಿಯ ಕೈಯಿಂದ ಪುಸ್ತಕ ಪಡೆದು ಮನೆಗೆ ಹೋದ ಹುಡುಗ ಹುಡುಗಿಯರು ಈ ಬೀದಿಯಲ್ಲಿದ್ದರು ಎಂಬುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಕತೆ ಹೇಳುವ ಹೊತ್ತು ಎಂಬುದು ಈ ಶಾಖೆಯೊಂದರದೇ ಪದ್ಧತಿಯಲ್ಲ. 1906ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದ ಹೊಣೆ ಹೊತ್ತ ಆ್ಯನ್ ಕ್ಯಾರಲ್ ಮೂರ್ ಅದನ್ನು ಎಲ್ಲ ಶಾಖೆಗಳಿಗೂ ಹಬ್ಬಿಸಿದರು. ಚಿಕ್ಕ ಮಕ್ಕಳನ್ನು ಗ್ರಂಥಾಲಯದ ಹೊಸಿಲು ದಾಟಗೊಡದಿದ್ದ ಕಾಲ ಅದು. ಮೂರ್ ಮಕ್ಕಳ ಎತ್ತರಕ್ಕೆ ತಕ್ಕ ಮೇಜು ಕುರ್ಚಿ ಹಾಕಿಸಿದರು. ‘ಮೌನ’ ಎಂದು ಬರೆದ ಫಲಕಗಳನ್ನು ಕಿತ್ತುಹಾಕಿಸಿದರು. ದೊಡ್ಡದೊಂದು ಪುಸ್ತಕದಲ್ಲಿ, ಪುಸ್ತಕಗಳನ್ನು ಜೋಪಾನ ಮಾಡುತ್ತೇನೆಂದು ತನ್ನ ಹೆಸರು ತಾನೇ ಬರೆದ ಮಗುವಿಗೆ ಮನೆಗೆ ಪುಸ್ತಕ ಒಯ್ಯುವ ಹಕ್ಕು ಸಿಗುತ್ತಿತ್ತು.

ಕತೆಯ ಹೊತ್ತಿಗೂ ಒಂದು ಕ್ರಮವಿತ್ತು. ಪುಟಾಣಿಗಳಿಗೆ ಚಿತ್ರಪುಸ್ತಕ ತೋರಿಸಿ ಓದುವುದು ಬೇರೆ, ಎಂಟು ವರ್ಷ ದಾಟಿದವರಿಗೆ ಕತೆ ಹೇಳುವುದು ಬೇರೆ. ದೊಡ್ಡ ಮಕ್ಕಳ ಕತೆಗೆ ಪುಸ್ತಕ ತೆರೆಯುವಂತಿರಲಿಲ್ಲ. ಗ್ರಂಥಪಾಲಕಿ ಕತೆಯನ್ನು ಮೊದಲೇ ಕಲಿತು, ಒಳಗಿಳಿಸಿಕೊಂಡು ಬರಬೇಕು. ಮೇಜಿನ ಮೇಲೆ ಹೂವು, ಪಕ್ಕದಲ್ಲಿ ಒಂದು ಮೇಣದಬತ್ತಿ. ಬತ್ತಿ ಹೊತ್ತಿಸಿದರೆ ಕತೆ ಶುರು. ಅಲ್ಲಿಂದ ಮುಂದೆ ಕತೆ ಹೇಳುವವರ ದನಿಯೊಂದೇ. ಕತೆಗಳೆಲ್ಲ ಮುಗಿದ ಮೇಲೆ ಮಕ್ಕಳು ಮನಸ್ಸಿನಲ್ಲೇ ಒಂದು ಆಸೆ ನೆನೆದು ದೀಪ ಆರಿಸಬೇಕು. ಕೈಕಾಲು ಬೀಸಿ ನಟಿಸುವುದನ್ನು ಈ ಪರಂಪರೆ ಒಪ್ಪುತ್ತಿರಲಿಲ್ಲ. ಕೇಳುವವರ ಕಣ್ಣ ಮುಂದೆ ನಿಲ್ಲಬೇಕಾದದ್ದು ಕತೆ, ಹೇಳುವವಳಲ್ಲ. ಹೀಗೆ ಹೇಳುವುದಕ್ಕೆ ತರಬೇತಿಯಿತ್ತು, ಮೇಲ್ವಿಚಾರಕಿಯರಿದ್ದರು, ಯಾವ ಕತೆ ಹೇಳಲು ಯೋಗ್ಯ ಎಂಬ ಅಚ್ಚಾದ ಪಟ್ಟಿಯಿತ್ತು. ಜೊತೆಗೊಂದು ನಿಯಮವೂ ಇತ್ತು: ಪುಸ್ತಕವಾಗಿ ಪ್ರಕಟವಾದ ಕತೆಯನ್ನೇ ಹೇಳಬೇಕು. ಕತೆ ಕೇಳಿದ ಮಗು ಎದ್ದು ಹೋಗಿ ಆ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಳ್ಳಲಿ ಎಂಬುದು ಅದರ ಹಿಂದಿನ ಸದುದ್ದೇಶ. ಆದರೆ 135ನೇ ಬೀದಿಯಲ್ಲಿ ಈ ನಿಯಮ ಬೇರೆಯದೇ ಪ್ರಶ್ನೆ ಎತ್ತಿತು. ಎದುರಿಗೆ ಕೂತ ಮಗುವಿನ ಮನೆಯ ಕತೆ ಇನ್ನೂ ಪುಸ್ತಕವೇ ಆಗಿಲ್ಲದಿದ್ದರೆ?

ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ಪೂರಾ ಬೆಲ್‌ಪ್ರೆ. ಪೋರ್ಟೊರಿಕೊ ದ್ವೀಪದ ಸೀದ್ರಾ ಊರಿನವರು. ಅಕ್ಕನ ಮದುವೆಗೆಂದು ನ್ಯೂಯಾರ್ಕಿಗೆ ಬಂದವರು ಇಲ್ಲಿಯೇ ಉಳಿದರು. ಹಾರ್ಲೆಮ್‌ನಲ್ಲಿ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ಹೆಚ್ಚುತ್ತಿದ್ದವು, ರೋಸ್ ಅವರಿಗೆ ಆ ಭಾಷೆ ಬಲ್ಲ ಸಹಾಯಕಿ ಬೇಕಿತ್ತು. 1921ರಲ್ಲಿ ಬೆಲ್‌ಪ್ರೆ ಕೆಲಸಕ್ಕೆ ಸೇರಿದರು. ಮಕ್ಕಳ ಕೋಣೆಯ ಜಾನಪದ ಕತೆಗಳ ಕಪಾಟನ್ನು ಅವರು ಸಾಲು ಸಾಲಾಗಿ ಹುಡುಕಿದರು. ಎಷ್ಟೋ ದೇಶಗಳ ಕತೆಗಳಿದ್ದವು, ತಮ್ಮ ಅಜ್ಜಿ ಹೇಳುತ್ತಿದ್ದ ಒಂದು ಕತೆಯೂ ಇರಲಿಲ್ಲ.

ಗ್ರಂಥಾಲಯ ಶಾಲೆಯಲ್ಲಿ ಕತೆ ಹೇಳುವ ಪಾಠಕ್ಕೆ ಕೂತಾಗ ಬೆಲ್‌ಪ್ರೆ ಅಜ್ಜಿಯ ಕತೆಯೊಂದನ್ನು ತಾವೇ ಬರೆದರು. ಮಾರ್ಟೀನಾ ಎಂಬ ಚೆಲುವೆ ಜಿರಲೆ. ಅವಳನ್ನು ಮದುವೆಯಾಗಲು ಬಂದ ವರಗಳು ಒಬ್ಬೊಬ್ಬರಾಗಿ ತಮ್ಮ ದನಿ ಕೇಳಿಸುತ್ತಾರೆ, ಅವಳು ಒಬ್ಬೊಬ್ಬರನ್ನೇ ವಾಪಸು ಕಳಿಸುತ್ತಾಳೆ. ಕೊನೆಗೆ ಮನಸ್ಸು ಗೆಲ್ಲುವವನು ಪೆರೆಸ್ ಎಂಬ ಮರ್ಯಾದಸ್ಥ ಇಲಿ. ಮದುವೆಯೂ ಆಗುತ್ತದೆ. ಕ್ರಿಸ್ಮಸ್ಸಿಗೆ ಮಾರ್ಟೀನಾ ಒಲೆಯ ಮೇಲೆ ಸಿಹಿ ಅನ್ನ ಇಟ್ಟಿರುತ್ತಾಳೆ. ಪೆರೆಸ್ ರುಚಿ ನೋಡಲು ಬಗ್ಗಿ ಕುದಿಯುವ ಪಾತ್ರೆಗೇ ಬಿದ್ದುಬಿಡುತ್ತಾನೆ. ನಗಿಸುತ್ತಾ ಬಂದು ಅಳಿಸಿ ನಿಲ್ಲಿಸುವ ಕತೆ. ಸಾವನ್ನು ಮಕ್ಕಳಿಂದ ಬಚ್ಚಿಡಬೇಕೆಂದು ಆ ಅಜ್ಜಿಗೂ ಅನಿಸಿರಲಿಲ್ಲ, ಮೊಮ್ಮಗಳಿಗೂ ಅನಿಸಲಿಲ್ಲ. ಅಚ್ಚಾಗದ ಈ ಕತೆ ಹೇಳಲು ಬೆಲ್‌ಪ್ರೆಗೆ ವಿಶೇಷ ಅನುಮತಿ ಸಿಕ್ಕಿತು. 1932ರಲ್ಲಿ ‘ಪೆರೆಸ್ ಆ್ಯಂಡ್ ಮಾರ್ಟೀನಾ’ ಪುಸ್ತಕವಾಯಿತು. ಅಜ್ಜಿಯ ಬಾಯಿಂದ ಹೊರಟ ಕತೆ ಹೀಗೆ ಕೊನೆಗೂ ಕಪಾಟು ಸೇರಿತು.

1929ರಲ್ಲಿ ಬೆಲ್‌ಪ್ರೆ 115ನೇ ಬೀದಿಯ ಶಾಖೆಗೆ ವರ್ಗವಾದರು. ಅಲ್ಲಿ ಇಂಗ್ಲಿಷಿನಲ್ಲೊಮ್ಮೆ ಸ್ಪ್ಯಾನಿಷಿನಲ್ಲೊಮ್ಮೆ ಕತೆ ಹೇಳಿದರು, ಜನವರಿ 6ರ ಮೂವರು ರಾಜರ ಹಬ್ಬವನ್ನು ಗ್ರಂಥಾಲಯದ ಒಳಗೇ ಆಚರಿಸಿದರು, ಗೊಂಬೆಯಾಟ ಆಡಿಸಿದರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಎಂದು ಬೆಳೆಯುವ ಮಗುವಿಗೆ, ತನ್ನ ಅವ್ವನ ಮಾತು ಸರ್ಕಾರಿ ಗಾಂಭೀರ್ಯದ ಆ ಕೋಣೆಯಲ್ಲಿ ಕೇಳಿಸುವುದು ಸಣ್ಣ ಸಂಗತಿಯಲ್ಲ. 1982ರಲ್ಲಿ ತೀರಿಕೊಂಡ ಬೆಲ್‌ಪ್ರೆ ಹೆಸರಿನಲ್ಲಿ 1996ರಿಂದ, ಲ್ಯಾಟಿನೊ ಬದುಕನ್ನು ಚಿತ್ರಿಸುವ ಮಕ್ಕಳ ಪುಸ್ತಕಗಳಿಗೆ ಪ್ರಶಸ್ತಿ ಕೊಡಲಾಗುತ್ತಿದೆ.

ಬೆಲ್‌ಪ್ರೆಗೆ ಎದುರಾದದ್ದು ಖಾಲಿ ಜಾಗ. 1937ರಲ್ಲಿ 135ನೇ ಬೀದಿಯ ಮಕ್ಕಳ ಕೋಣೆಗೆ ಬಂದ ಆಗಸ್ಟಾ ಬೇಕರ್‌ಗೆ ಎದುರಾದದ್ದು ಅದಕ್ಕಿಂತ ಕಷ್ಟದ್ದು. ಕಪ್ಪು ಮಕ್ಕಳ ಬಗ್ಗೆ ಪುಸ್ತಕಗಳೇನೋ ಇದ್ದವು, ಆದರೆ ಅವುಗಳಲ್ಲಿ ಹೆಚ್ಚಿನವು ಆ ಮಕ್ಕಳನ್ನು ಹೀಯಾಳಿಸುವಂಥವು. ದಪ್ಪ ತುಟಿ, ಗುಡ್ಡೆಗಣ್ಣಿನ ವಿಕಾರ ಚಿತ್ರಗಳು. ಯಾರೂ ಆಡದ ತೊದಲು ಭಾಷೆ. ಸೋಮಾರಿಗಳು, ಪೆದ್ದರು. ಬಾಲ್ಟಿಮೋರ್‌ನಲ್ಲಿ ಶಿಕ್ಷಕ ದಂಪತಿಯ ಮಗಳಾಗಿ ಹುಟ್ಟಿ, ಅಜ್ಜಿಯ ಕತೆ ಕೇಳುತ್ತಾ ಬೆಳೆದ ಬೇಕರ್‌ಗೆ ಇಂಥ ಪುಸ್ತಕವನ್ನು ಹಾರ್ಲೆಮ್‌ನ ಮಗುವಿನ ಕೈಗಿಡುವುದು ಸಾಧ್ಯವಿರಲಿಲ್ಲ.

ಈ ಮಾತಿಗೆ ನಮ್ಮ ಕಡೆಯದೊಂದು ಎಳೆಯೂ ಸೇರುತ್ತದೆ. ಇಂಥ ಪುಸ್ತಕಗಳಲ್ಲಿ ಅತಿ ಪ್ರಸಿದ್ಧವಾದ ‘ಲಿಟಲ್ ಬ್ಲ್ಯಾಕ್ ಸ್ಯಾಂಬೊ’ ಹುಟ್ಟಿದ್ದು ಭಾರತದಲ್ಲಿ. 1899ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅದನ್ನು ಬರೆದವರು ಹೆಲೆನ್ ಬ್ಯಾನರ್‌ಮನ್, ಇಲ್ಲಿನ ಬ್ರಿಟಿಷ್ ವೈದ್ಯಕೀಯ ಸೇವೆಯಲ್ಲಿದ್ದ ಅಧಿಕಾರಿಯ ಹೆಂಡತಿ. ಹುಲಿಗಳು ಮರದ ಸುತ್ತ ಒಂದನ್ನೊಂದು ಅಟ್ಟಿಸಿಕೊಂಡು ಓಡಿ ಓಡಿ ಕೊನೆಗೆ ಕರಗಿ ತುಪ್ಪವಾಗುತ್ತವೆ! ಕತೆಯ ಓಟ ಚೆನ್ನಾಗಿದೆ, ಮಕ್ಕಳಿಗೆ ಹಿಡಿಸಿತು ಕೂಡ. ಆದರೆ ಅದರ ಹೆಸರು, ಅದರ ಚಿತ್ರಗಳು ಅಮೆರಿಕದಲ್ಲಿ ಕಪ್ಪು ಮಕ್ಕಳನ್ನು ಶಾಲೆಯಂಗಳದಲ್ಲಿ ಚುಡಾಯಿಸುವ ಅಸ್ತ್ರವಾದವು. ಮುಂದೆ ಭಾರತದವನೇ ಬರೆದ ಭಾರತದ ಕತೆಯೂ ಅಮೆರಿಕದ ಮಕ್ಕಳನ್ನು ಮುಟ್ಟಿತು. ಬಂಗಾಳದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಧನಗೋಪಾಲ ಮುಖರ್ಜಿ ಪಾರಿವಾಳವೊಂದರ ಬಗ್ಗೆ ಬರೆದ ‘ಗೇ ನೆಕ್’ 1928ರಲ್ಲಿ ಅಲ್ಲಿನ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬರಿ ಪದಕ ಪಡೆಯಿತು. ಒಂದೇ ದೇಶದ ಬಗ್ಗೆ ಎರಡು ಪುಸ್ತಕ. ಬರೆದವರು ಎಲ್ಲಿ ನಿಂತು ನೋಡಿದರು ಎಂಬುದರಲ್ಲಿದೆ ವ್ಯತ್ಯಾಸವೆಲ್ಲ.

ಬೇಕರ್ ಗೊಣಗುತ್ತಾ ಕೂರಲಿಲ್ಲ. ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ 1938ರಲ್ಲಿ ತೀರಿಕೊಂಡಾಗ ಅವರ ನೆನಪಿಗೆ ಹಾರ್ಲೆಮ್‌ನ ಮಹಿಳೆಯರು ಹಣ ಕೂಡಿಸಿದರು. ಆ ಹಣದಲ್ಲಿ ಈ ಶಾಖೆಯಲ್ಲೇ ಮಕ್ಕಳಿಗಾಗಿ ಒಂದು ವಿಶೇಷ ಸಂಗ್ರಹ ಶುರುವಾಯಿತು. ಅದನ್ನು ಕಟ್ಟುವ ಕೆಲಸ ಬೇಕರ್ ಅವರದು. ಅವರು ಪುಸ್ತಕ ಅಳೆದ ಅಳತೆ ಸರಳ: ಚಿತ್ರ ಹೇಗಿದೆ, ಮಾತು ಹೇಗಿದೆ, ಒಟ್ಟು ಧೋರಣೆ ಹೇಗಿದೆ. ಗೆದ್ದ ಪುಸ್ತಕಗಳ ಪಟ್ಟಿಯನ್ನು ಗ್ರಂಥಾಲಯ 1946ರಲ್ಲಿ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿತು. ಮುಂದೆ ಅದು ಮತ್ತೆ ಮತ್ತೆ ಪರಿಷ್ಕರಣೆಗೊಂಡು ದೇಶದ ಗ್ರಂಥಪಾಲಕರಿಗೆಲ್ಲ ಕೈಪಿಡಿಯಾಯಿತು. ಬೇಕರ್ ಪ್ರಕಾಶಕರ ಬಳಿ, ಸಂಪಾದಕರ ಬಳಿ ಹೋಗಿ, ನಮ್ಮ ಮಕ್ಕಳಿಗೆ ಇಂಥ ಪುಸ್ತಕ ಬೇಕು, ಮಾಡಿಕೊಡಿ ಎಂದು ಕೇಳಿದರು.

135ನೇ ಬೀದಿಯ ಈ ಇಬ್ಬರು ಹೆಂಗಸರನ್ನು ಕತೆಗಾರ್ತಿಯರು ಎಂದಷ್ಟೇ ಕರೆದು ಮುಗಿಸುವುದು ನ್ಯಾಯವಲ್ಲ. ಬರಿಯ ಕತೆ ಹೇಳಿ ಎದ್ದು ಹೋಗುವ ಸೌಕರ್ಯ ಅವರಿಗೆ ಇರಲಿಲ್ಲ. ಹೇಳಲು ಯೋಗ್ಯವಾದ ಕತೆಗಳನ್ನು ಹುಡುಕಿ, ಇಲ್ಲದ್ದನ್ನು ಬರೆದು, ಬರೆಸಿ, ಬೇಡದ್ದನ್ನು ತೆಗೆದಿಟ್ಟು ಕಪಾಟನ್ನೇ ಕಟ್ಟಬೇಕಾಯಿತು. ಮಕ್ಕಳಿಗೆ ಕತೆ ಹೇಳಿಸುವ ಕಾರ್ಯಕ್ರಮಗಳ ಬಗ್ಗೆ ಮಾತಾಡುವಾಗ ದನಿ, ಹಾವಭಾವ, ಗೊಂಬೆ, ಬಣ್ಣದ ಚಾಪೆಗಳ ಚರ್ಚೆಯೇ ಹೆಚ್ಚು. ನನ್ನ ಮಟ್ಟಿಗೆ ಅವೆಲ್ಲ ಆಮೇಲಿನವು. ಹೇಳುವವರ ಬೆನ್ನ ಹಿಂದಿನ ಕಪಾಟಿನಲ್ಲಿ ಏನಿದೆ ಎಂಬುದು ಮೊದಲು.

ಬೇಕರ್ 1953ರಲ್ಲಿ ಇಡೀ ಗ್ರಂಥಾಲಯ ವ್ಯವಸ್ಥೆಯ ಕತೆ ಹೇಳುವ ವಿಭಾಗದ ತಜ್ಞೆಯಾದರು, 1961ರಲ್ಲಿ ಎಲ್ಲ ಶಾಖೆಗಳ ಮಕ್ಕಳ ಸೇವೆಗಳ ಮುಖ್ಯಸ್ಥೆಯಾದರು. ಆ ಗ್ರಂಥಾಲಯದ ಆಡಳಿತದಲ್ಲಿ ಅಂಥ ಹುದ್ದೆ ಹಿಡಿದ ಮೊದಲ ಕಪ್ಪು ಮಹಿಳೆ ಅವರು. 1974ರಲ್ಲಿ ನಿವೃತ್ತರಾದ ಮೇಲೆ ಎಲಿನ್ ಗ್ರೀನ್ ಜೊತೆ ಬರೆದ ಕತೆ ಹೇಳುವ ಕಲೆಯ ಪುಸ್ತಕ 1977ರಲ್ಲಿ ಬಂತು. ಗ್ರಂಥಾಲಯ ವಿದ್ಯಾರ್ಥಿಗಳು ಅದನ್ನು ಪಠ್ಯದಂತೆ ಓದಿದರು. 1980ರಲ್ಲಿ ಬೇಕರ್ ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕತೆಗಾರ್ತಿಯಾಗಿಯೇ ನೇಮಕಗೊಂಡರು.

135ನೇ ಬೀದಿಯ ಕಟ್ಟಡದ ನೆಲಮಾಳಿಗೆಗೂ ಒಂದು ಚರಿತ್ರೆಯಿದೆ. 1920ರ ದಶಕದಲ್ಲಿ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಕಟ್ಟಿದ ನಾಟಕ ತಂಡ ಅಲ್ಲಿ ಆಡಿತು. 1940ರಲ್ಲಿ ಶುರುವಾದ ಅಮೆರಿಕನ್ ನೀಗ್ರೊ ಥಿಯೇಟರ್‌ನಲ್ಲಿ ನಟರಾದ ಸಿಡ್ನಿ ಪ್ವಾಟಿಯೆ, ಹ್ಯಾರಿ ಬೆಲಫಾಂಟೆ ಪಳಗಿದರು. ಲೇಖಕ ಜೇಮ್ಸ್ ಬಾಲ್ಡ್ವಿನ್ ಬಾಲಕರಾಗಿದ್ದಾಗ ವಾರದಲ್ಲಿ ಮೂರು ನಾಲ್ಕು ಸಲ ಇಲ್ಲಿಗೆ ಬಂದು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದುದನ್ನು ಮುಂದೆ ತಾವೇ ನೆನಪಿಸಿಕೊಂಡಿದ್ದಾರೆ.

ಈಗ ಮಕ್ಕಳಿಗೆ ಕತೆ ಕೇಳಬೇಕಿದ್ದರೆ ಹಳೆಯ ಕಟ್ಟಡದ ಹಿಂಬದಿಗೆ, 136ನೇ ಬೀದಿಗೆ ಹೋಗಬೇಕು. 104ನೇ ನಂಬರಿನ ಕೌಂಟೀ ಕಲನ್ ಗ್ರಂಥಾಲಯ 1942ರಲ್ಲಿ ತೆರೆಯಿತು. ಕೇಶ ಪ್ರಸಾಧನಗಳ ವ್ಯಾಪಾರದಲ್ಲಿ ಸಿರಿವಂತೆಯಾದ ಮೇಡಂ ಸಿ.ಜೆ. ವಾಕರ್ ಅವರ ಮನೆಯಿದ್ದ ಜಾಗ ಅದು. ಕವಿ ಕಲನ್ ಶಾಲಾ ಶಿಕ್ಷಕರೂ ಹೌದು, ಮಕ್ಕಳಿಗಾಗಿ ಪುಸ್ತಕ ಬರೆದವರೂ ಹೌದು. ಹಾಗಾಗಿ ಆ ಹೆಸರು ಈ ಕಟ್ಟಡಕ್ಕೆ ಒಪ್ಪುತ್ತದೆ.

ಇಲ್ಲಿ ಕಪಾಟು ಎಷ್ಟು ಬದಲಾಯಿತು ಎಂದು ತಿಳಿಯಲು ಒಂದು ಲೆಕ್ಕ ಸಾಕು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ, ತನ್ನ 125ನೇ ವರ್ಷದಲ್ಲಿ, ಅತಿ ಹೆಚ್ಚು ಸಲ ಮನೆಗೆ ಹೋದ ಪುಸ್ತಕಗಳ ಪಟ್ಟಿ ಪ್ರಕಟಿಸಿತು. ಮೊದಲ ಸ್ಥಾನ ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದ ಸ್ನೋಯಿ ಡೇ’ಗೆ: 4,85,583 ಸಲ. ಕೆಂಪು ಉಡುಪು ತೊಟ್ಟ ಪೀಟರ್ ಎಂಬ ಕಪ್ಪು ಹುಡುಗ ಹಿಮ ಬಿದ್ದ ಬೆಳಗ್ಗೆ ಹೊರಗೆ ಆಡಲು ಹೋಗುವುದಷ್ಟೇ ಅದರ ಕತೆ. ಅದು ಬಂದದ್ದು 1962ರಲ್ಲಿ, ಬೇಕರ್ ಮಕ್ಕಳ ಸೇವೆಯ ಮುಖ್ಯಸ್ಥೆಯಾದ ಮರುವರ್ಷ. ಅದೇ ಪಟ್ಟಿಯ ಕೊನೆಗೆ ‘ಗುಡ್‌ನೈಟ್ ಮೂನ್’ ಪುಸ್ತಕದ ವಿಶೇಷ ಉಲ್ಲೇಖವೂ ಇತ್ತು. 1947ರಲ್ಲಿ ಬಂದ ಆ ಪುಸ್ತಕ ಆ್ಯನ್ ಕ್ಯಾರಲ್ ಮೂರ್‌ಗೆ ಹಿಡಿಸಿರಲಿಲ್ಲ. 1972ರವರೆಗೆ ಗ್ರಂಥಾಲಯ ಅದನ್ನು ಇಟ್ಟುಕೊಳ್ಳಲಿಲ್ಲ. ಮಕ್ಕಳಿಗೆ ಬಾಗಿಲು ತೆರೆದ ಕೈಯೇ ಒಂದು ಒಳ್ಳೆಯ ಪುಸ್ತಕಕ್ಕೆ ಬಾಗಿಲು ಹಾಕಿತ್ತು. ಕಪಾಟಿನ ಕೀಲಿ ಹಿಡಿದವರ ಅಧಿಕಾರ ಅಷ್ಟು ದೊಡ್ಡದು.

ಇಂದಿನ ಶಾಖೆಗಳಲ್ಲಿ ಕತೆಯ ಹೊತ್ತು ಬಹುಮಟ್ಟಿಗೆ ಪುಟಾಣಿಗಳದು: ಅಮ್ಮನ ತೊಡೆಯ ಮೇಲೆ ಕೂತು ಹಾಡು, ಚಪ್ಪಾಳೆ, ಚಿತ್ರಪುಸ್ತಕ. ಅದು ಬೇಕಾದದ್ದೇ. ಆದರೆ ಒಂಬತ್ತು ಹತ್ತು ವರ್ಷದವರನ್ನು ಕೂರಿಸಿಕೊಂಡು, ಪುಸ್ತಕ ಮುಚ್ಚಿಟ್ಟು, ಕಲಿತ ಕತೆ ಹೇಳುವ ಹಳೆಯ ಪದ್ಧತಿಗೆ ಮೊದಲಿನಷ್ಟು ಜಾಗವಿಲ್ಲದಿರುವುದು ನಷ್ಟವೆಂದೇ ನನ್ನ ಅನಿಸಿಕೆ. ಆ ವಯಸ್ಸಿನವರಿಗೆ ಉದ್ದನೆಯ ಕತೆಯ ಹಸಿವು ಜೋರಾಗಿರುತ್ತದೆ. ಒಳ್ಳೆಯ ಬದಲಾವಣೆಯೂ ಆಗಿದೆ. 15 ಡಾಲರ್ ದಂಡ ಬಾಕಿಯಾದರೆ ಕಾರ್ಡು ತಡೆಹಿಡಿಯುವ ಪದ್ಧತಿ ಮೊದಲು ಇತ್ತು. ಅದರ ಏಟು ಹೆಚ್ಚು ಬೀಳುತ್ತಿದ್ದುದು ಬಡವರ ಓಣಿಗಳ ಮೇಲೆ. 2021ರ ಅಕ್ಟೋಬರಿನಲ್ಲಿ ನಗರದ ಗ್ರಂಥಾಲಯಗಳು ತಡವಾದದ್ದಕ್ಕೆ ದಂಡ ಹಾಕುವುದನ್ನೇ ಕೈಬಿಟ್ಟವು, ಹಳೆಯ ಬಾಕಿಯನ್ನೂ ಮನ್ನಾ ಮಾಡಿದವು.

ನ್ಯೂಯಾರ್ಕಿಗೆ ಹೋದವರು ಟೈಮ್ಸ್ ಸ್ಕ್ವೇರ್ ನೋಡಿ ಅಲ್ಲಿಂದಲೇ 2 ಅಥವಾ 3ನೇ ರೈಲು ಹತ್ತಬಹುದು. ಶಾಂಬರ್ಗ್ ಕೇಂದ್ರಕ್ಕೂ ಕಲನ್ ಶಾಖೆಗೂ ಪ್ರವೇಶ ಉಚಿತ. ಜೊತೆಯಲ್ಲಿ ಮಕ್ಕಳಿದ್ದರೆ ಶಾಖೆಯ ಕತೆಯ ದಿನ ಯಾವುದೆಂದು ಮೊದಲೇ ನೋಡಿಕೊಂಡು ಹೋಗುವುದು ಒಳ್ಳೆಯದು.