ಕನ್ನಡಿಯೊಳಗಿನ ನಕ್ಷತ್ರ

ಕಳೆದ ತಿಂಗಳ ಒಂದು ಮಧ್ಯಾಹ್ನ, ಮನೆಯವರೆಲ್ಲರೂ ಊಟ ಮುಗಿಸಿ ಅಡ್ಡಾಗಿದ್ದ ವೇಳೆಯಲ್ಲಿ, ಮೊಮ್ಮಗಳ ಪೆಟ್ಟಿಗೆಯಿಂದ ಒಂದು ಪೆನ್ಸಿಲನ್ನೂ ಗೋಡೆಯ ಮೊಳೆಯಿಂದ ನನ್ನ ಕ್ಷೌರದ ಕನ್ನಡಿಯನ್ನೂ ತೆಗೆದುಕೊಂಡು, ವಿಜ್ಞಾನದ ಹೆಸರಿನಲ್ಲಿ ಒಂದು ಮಕ್ಕಳಾಟಕ್ಕೆ ಕುಳಿತೆನು. ಕಾಗದದ ಮೇಲೆ ಐದು ಮೂಲೆಗಳ ನಕ್ಷತ್ರವೊಂದನ್ನು ಬರೆದು, ಅದರ ಒಳಗೆ ಅದೇ ಆಕಾರದ ಕೊಂಚ ಚಿಕ್ಕ ನಕ್ಷತ್ರವನ್ನು ಬರೆದು, ಎರಡರ ನಡುವೆ ಉಳಿಯುವ ಓಣಿಯಲ್ಲಿ, ಗೆರೆಗೆ ತಗಲದಂತೆ ಪೆನ್ಸಿಲನ್ನು ಒಂದು ಸುತ್ತು ಸಾಗಿಸಬೇಕು. ಆದರೆ ಕೈಯನ್ನಾಗಲಿ ಕಾಗದವನ್ನಾಗಲಿ ನೇರವಾಗಿ ನೋಡತಕ್ಕದ್ದಲ್ಲ. ನಡುವೆ ಒಂದು ರಟ್ಟನ್ನು ಅಡ್ಡವಿಟ್ಟು, ಎದುರಿನ ಕನ್ನಡಿಯಲ್ಲಿ ಕಾಣುವ ಬಿಂಬವನ್ನೇ ನಂಬಿ ನಡೆಯಬೇಕು. ಮೊದಲನೆಯ ಮೂಲೆಯವರೆಗೆ ಹೇಗೋ ತೆವಳಿದ ಪೆನ್ಸಿಲು, ತಿರುಗಬೇಕಾದ ಸ್ಥಳದಲ್ಲಿ ಹಟ ಹಿಡಿದು ನಿಂತಿತು. ನಾನು ಕೆಳಕ್ಕೆಂದರೆ ಅದು ಮೇಲಕ್ಕೆ ಹೋಗುವುದು, ತಿದ್ದಹೊರಟರೆ ಅಲ್ಲಿಯೇ ಗಿರಕಿ ಹೊಡೆಯುವುದು. ಎದ್ದು ಬಂದ ಮೊಮ್ಮಗಳು ನೋಡಿ, "ತಾತ, ನಿಮ್ಮ ಪೆನ್ಸಿಲ್ಲಿಗೆ ದೆವ್ವ ಮೆಟ್ಟಿಕೊಂಡಿದೆ" ಎಂದಳು. ಐದನೆಯ ದಿನದ ಹೊತ್ತಿಗೆ ದೆವ್ವ ಬಿಟ್ಟಿತು. ಅಷ್ಟರಲ್ಲಿ ಏನನ್ನು ಕಲಿತಿರೆಂದು ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಒಂದು ವಾಕ್ಯವೂ ಇಲ್ಲ. ಕೈ ಕಲಿತಿತ್ತು, ಅಷ್ಟೆ.

ಕನ್ನಡಕ್ಕೆ ಇದು ಹೊಸ ಸಂಗತಿಯಲ್ಲ. ಅಡಿಗೆಯವನಿಗೆ ಕೈ ಪಳಗಿದೆಯೆಂದೂ, ಹುಡುಗನಿಗೆ ಮಗ್ಗಿ ಬಾಯಿಗೆ ಬಂದಿದೆಯೆಂದೂ ನಾವು ದಿನಬೆಳಗಾದರೆ ಆಡುತ್ತೇವಲ್ಲದೆ, ಅವರ ಮನಸ್ಸು ಅದನ್ನು ನೆನಪಿಟ್ಟುಕೊಂಡಿದೆಯೆಂದು ಹೇಳುವುದಿಲ್ಲ. ಇವು ಬರಿಯ ಅಲಂಕಾರದ ಮಾತುಗಳೆಂದೇ ನಾನು ಬಹುಕಾಲ ಭಾವಿಸಿದ್ದೆನು. ಕೈಗೂ ಬಾಯಿಗೂ ಸ್ವಂತ ನೆನಪಿನ ಉಗ್ರಾಣವಿಲ್ಲ, ಇರುವುದೆಲ್ಲ ತಲೆಬುರುಡೆಯೊಳಗೆ, ಎಂಬುದು ನಿಜವೇ. ಆದರೆ ಆ ಬುರುಡೆಯೊಳಗೆ ಕೈಯ ಲೆಕ್ಕ ಒಂದು ಕೋಣೆಯಲ್ಲಿಯೂ ಕಥೆಯ ಲೆಕ್ಕ ಇನ್ನೊಂದು ಕೋಣೆಯಲ್ಲಿಯೂ ಇರುತ್ತವೆ, ಒಂದರ ಕೀಲಿಯಿಂದ ಇನ್ನೊಂದು ತೆರೆಯುವುದಿಲ್ಲ, ಎಂಬುದು ವಿಜ್ಞಾನಕ್ಕೆ ಖಚಿತವಾಗಿ ತಿಳಿದದ್ದು ಒಬ್ಬ ಬಡಪಾಯಿಯ ದುರದೃಷ್ಟದಿಂದ.

ಆತನ ಹೆಸರು ಹೆನ್ರಿ ಮೊಲೈಸನ್. 1926ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹುಟ್ಟಿದ ಈತನಿಗೆ ಬಾಲ್ಯದಲ್ಲಿಯೇ ಅಪಸ್ಮಾರ ಅಂಟಿಕೊಂಡಿತು; ಮೊದಮೊದಲು ಕ್ಷಣಮಾತ್ರ ಮೈಮರೆಸಿ ಹೋಗುತ್ತಿದ್ದ ಸೆಳವುಗಳು, ಹದಿನೈದು ತುಂಬುವ ಹೊತ್ತಿಗೆ ನೆಲಕ್ಕೆ ಕೆಡಹುವಷ್ಟು ಉಗ್ರವಾದವು. ಬೆರಳಚ್ಚು ಯಂತ್ರದ ಕಾರ್ಖಾನೆಯಲ್ಲಿ ದೊರೆತಿದ್ದ ಕೆಲಸವೂ ನಡೆಯದಂತಾಗಿ, ಔಷಧಗಳೆಲ್ಲ ಸೋತ ಮೇಲೆ, 1953ರಲ್ಲಿ, ಆತನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಹಾರ್ಟ್‌ಫರ್ಡ್ ನಗರದ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯನು ಒಂದು ಸಾಹಸಕ್ಕೆ ಕೈಯಿಕ್ಕಿದನು. ಹುಬ್ಬುಗಳ ಮೇಲ್ಗಡೆ ಎಲುಬಿನಲ್ಲಿ ಎರಡು ರಂಧ್ರಗಳನ್ನು ಕೊರೆದು, ಮಿದುಳಿನ ಮುಂಭಾಗವನ್ನು ಮೆಲ್ಲನೆ ಎತ್ತಿ ಹಿಡಿದು, ಕಿವಿಗಳ ನೇರಕ್ಕೆ ಒಳಗಡೆ ಅಡಗಿರುವ ಭಾಗವನ್ನು ಎರಡು ಪಾರ್ಶ್ವಗಳಿಂದಲೂ ಹೀರಿ ತೆಗೆದನು. ತೆಗೆದುದರಲ್ಲಿ ಹಿಪೊಕ್ಯಾಂಪಸ್ ಎಂಬ ಅವಯವದ ಬಹುಭಾಗ ಸೇರಿದ್ದಿತು; ಬಾಗಿದ ಅದರ ರೂಪವನ್ನು ಕಂಡು ಹಿಂದಿನ ಅಂಗರಚನಾ ಶಾಸ್ತ್ರಜ್ಞರು ಅದಕ್ಕೆ ಕಡಲಕುದುರೆಯ ಹೆಸರನ್ನಿಟ್ಟಿದ್ದರೇ ಹೊರತು, ಅದರ ಕೆಲಸವೇನೆಂಬುದು ಆ ದಿನದಲ್ಲಿ ಸ್ಪಷ್ಟವಾಗಿ ತಿಳಿದಿರಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳಿನ ಸಂಗ್ರಹಾಲಯದಲ್ಲಿ ಸಂಸ್ಕರಿಸಿಟ್ಟ ನಿಜವಾದ ಮಾನವ ಮಿದುಳನ್ನು ಅಂಗೈಯಲ್ಲಿ ಹಿಡಿದು ನೋಡುವ ಅವಕಾಶ ಸಾಮಾನ್ಯರಿಗೂ ಉಂಟು. ಅಲ್ಲಿ ಕೈಗೆ ಬರುವುದು ರಾಸಾಯನಿಕದಲ್ಲಿ ನೆನೆದು ಗಟ್ಟಿಯಾದ ವಸ್ತು. ಜೀವಂತವಾದ ಮಿದುಳಾದರೋ ಹೊಸದಾಗಿ ಬೇಯಿಸಿದ ಗಿಣ್ಣಿನಂತೆ ಬೆರಳು ತಾಗಿದರೆ ಹರಿಯುವಷ್ಟು ಮೃದು. ತೂಕ ಸುಮಾರು 1.4 ಕಿಲೋಗ್ರಾಂ, ಅದರೊಳಗಿನ ನರಕೋಶಗಳು ಸುಮಾರು 8,600 ಕೋಟಿ. ಈ ಗಿಣ್ಣಿನೊಳಗಿನಿಂದ ಎರಡು ಚಮಚೆಯಷ್ಟನ್ನು ತೆಗೆದರೆ ಮನುಷ್ಯನಿಂದ ಏನು ಹೋಗುತ್ತದೆ?

ಹೆನ್ರಿಯಿಂದ ಸೆಳವುಗಳು ಬಹುಮಟ್ಟಿಗೆ ಹೋದವು. ಬುದ್ಧಿಗೆ ಕುಂದು ಬರಲಿಲ್ಲ. ಮಾತು, ವಿನಯ, ಹಾಸ್ಯಪ್ರವೃತ್ತಿ ಯಾವುದೂ ಕೆಡಲಿಲ್ಲ. ಆದರೆ ಆಸ್ಪತ್ರೆಯ ಬಚ್ಚಲುಮನೆಗೆ ಹೋಗುವ ದಾರಿಯನ್ನು ದಿನಕ್ಕೆ ಎಷ್ಟು ಸಲ ತೋರಿಸಿದರೂ ಆತನು ಪುನಃ ಕೇಳುತ್ತಿದ್ದನು; ಆರೈಕೆ ಮಾಡುವವರನ್ನು ಪ್ರತಿಸಲವೂ ಹೊಸಬರೆಂದೇ ಬಗೆಯುತ್ತಿದ್ದನು. ಮಾಂಟ್ರಿಯಲ್ ನಗರದಿಂದ ಆತನನ್ನು ಪರೀಕ್ಷಿಸಲು ಬಂದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ 1955ರ ಏಪ್ರಿಲಿನಲ್ಲಿ ಇಂದು ಯಾವ ಕಾಲವೆಂದು ಕೇಳಿದಾಗ, ಆತನು 1953ರ ಮಾರ್ಚ್ ಎಂದೂ, ತನ್ನ ವಯಸ್ಸು ಇಪ್ಪತ್ತೇಳೆಂದೂ ಉತ್ತರಕೊಟ್ಟನು. ಆಕೆ ಒಮ್ಮೆ 584 ಎಂಬ ಸಂಖ್ಯೆಯನ್ನು ನೆನಪಿಡಲು ಹೇಳಿ ಒಂಟಿಯಾಗಿ ಬಿಟ್ಟುಹೋದಳು. ಕಾಲುಗಂಟೆಯ ತರುವಾಯವೂ ಆತನು ಅದನ್ನು ಸರಿಯಾಗಿ ಒಪ್ಪಿಸಿದನು. ಹೇಗೆಂದರೆ, ಮೂರು ಅಂಕೆಗಳ ಮೊತ್ತ ಹದಿನೇಳು, ಎಂಟೊಂದನ್ನು ಬಿಗಿಯಾಗಿ ಹಿಡಿದುಕೊಂಡು ಕಳೆದರೆ ಒಂಬತ್ತು, ಒಂಬತ್ತನ್ನು ಒಡೆದರೆ ಐದು ಮತ್ತು ನಾಲ್ಕು, ಎಂದು ಆ ಹೊತ್ತೆಲ್ಲ ಬಾಯೊಳಗೆ ಗುಣುಗುತ್ತ ಕುಳಿತಿದ್ದನಂತೆ. ಮಾತು ಬೇರೆ ಕಡೆಗೆ ಹೊರಳಿದ ಒಂದು ನಿಮಿಷದಲ್ಲಿ ಸಂಖ್ಯೆಯೂ ಹೋಯಿತು, ಸಂಖ್ಯೆಯೊಂದನ್ನು ಕೊಟ್ಟಿದ್ದರೆಂಬ ಸಂಗತಿಯೂ ಹೋಯಿತು.

ಕನ್ನಡಿ ಮತ್ತು ನಕ್ಷತ್ರದ ಪರೀಕ್ಷೆಯನ್ನು ಮಿಲ್ನರ್ ಈತನ ಮುಂದಿಟ್ಟದ್ದು ಹೀಗೆ ಎಲ್ಲವೂ ಸೋರಿಹೋಗುವ ಮನುಷ್ಯನಿಂದ ಏನನ್ನೂ ನಿರೀಕ್ಷಿಸದೆಯೇ ಇರಬೇಕು. ಮೂರು ದಿನಗಳಲ್ಲಿ ಮೂವತ್ತು ಸಲ ಆತನು ನಕ್ಷತ್ರವನ್ನು ಸುತ್ತಿದನು. ಮೊದಲ ದಿನ ನನ್ನಂತೆಯೇ ಗಿರಕಿ ಹೊಡೆದ ಕೈ, ಎರಡನೆಯ ದಿನ ಹಿಂದಿನ ದಿನ ಬಿಟ್ಟ ಹಂತದ ಸಮೀಪದಿಂದಲೇ ಹೊರಟಿತು. ಮೂರನೆಯ ದಿನ ತಪ್ಪುಗಳು ಬೆರಳಲ್ಲಿ ಎಣಿಸುವಷ್ಟಾದವು. ಆತನಿಗಾದರೋ ಆ ಕನ್ನಡಿಯನ್ನು ಹಿಂದೆ ಎಂದೂ ಕಂಡ ಸ್ಮರಣೆಯಿಲ್ಲ! ಹೊಸ ಕೆಲಸವೊಂದು ಇಷ್ಟು ಸುಲಭವಾಗಿ ಕೈಗೂಡಿತಲ್ಲ ಎಂದು ಸ್ವತಃ ಆತನೇ ಬೆರಗಾದನು. ಕೈ ಪಳಗಿದೆಯೆಂಬ ವರ್ತಮಾನ ಕೈಯ ಯಜಮಾನನಿಗೆ ತಲಪಿರಲಿಲ್ಲ.

ಇದು ಹೇಗೆ ಸಾಧ್ಯವೆಂಬುದಕ್ಕೆ ಈಗ ದೊರೆತಿರುವ ಸಮಾಧಾನವನ್ನು ಸ್ಥೂಲವಾಗಿ ಹೇಳಬಹುದು. ನಿನ್ನೆಯ ಮದುವೆಯೂಟದಲ್ಲಿ ಕಂಡದ್ದು ಮಿದುಳಿನ ಹಿಂಭಾಗದಲ್ಲಿಯೂ, ಕೇಳಿದ ಓಲಗ ಪಕ್ಕದಲ್ಲಿಯೂ, ಹೋಳಿಗೆಯ ರುಚಿ ಇನ್ನೊಂದೆಡೆಯಲ್ಲಿಯೂ, ಬಿಡಿಬಿಡಿಯಾಗಿ ಬಿದ್ದ ಮಲ್ಲಿಗೆಯಂತೆ ಚೆದರಿರುತ್ತವೆ. ಅವನ್ನು ಒಂದು ದಂಡೆಯಾಗಿ ಕಟ್ಟಿ, ನಾಳೆ ಒಂದು ಹೂವನ್ನೆತ್ತಿದರೆ ಉಳಿದವೂ ಜೊತೆಗೆ ಬರುವಂತೆ ಮಾಡುವ ದಾರವೇ ಹಿಪೊಕ್ಯಾಂಪಸ್ಸು. ಕುಶಲತೆಯ ವ್ಯವಹಾರದಲ್ಲಿ ಹೀಗೆ ಕಟ್ಟುವ ಅವಶ್ಯವೇ ಇಲ್ಲ. ತಲೆಯ ಹಿಂದೆ, ಕುತ್ತಿಗೆಯ ಮೇಲ್ಗಡೆ ಇರುವ ಕಿರುಮಿದುಳು, ಕೈ ಹೋಗಬೇಕೆಂದಿದ್ದ ಎಡೆಗೂ ನಿಜವಾಗಿ ಹೋದ ಎಡೆಗೂ ಇರುವ ಅಂತರವನ್ನು ಪ್ರತಿಸಲವೂ ಅಳೆದು, ತಪ್ಪಿಗೆ ಕಾರಣವಾದ ನರಸಂಧಿಗಳನ್ನು ಎಳ್ಳಷ್ಟು ಸಡಿಲಿಸುತ್ತದೆ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗಂಟುಗಳು, ಫಲಕೊಟ್ಟ ಚಲನೆಯನ್ನು ಮುಂದಿನ ಸಲಕ್ಕೆ ಸ್ವಲ್ಪ ಸುಲಭಗೊಳಿಸುತ್ತವೆ. ಯಾವ ದಿನ ಯಾರ ಮುಂದೆ ಕಲಿತೆನೆಂಬ ಚರಿತ್ರೆಯನ್ನು ಇವು ಬರೆದಿಡುವುದಿಲ್ಲ. ಅಭ್ಯಾಸದಿಂದ ಬದಲಾದ ದಾರಿಯೇ ಇವುಗಳ ದಾಖಲೆ. ಸ್ಕೋವಿಲ್ಲನ ಕೈ ಈ ಭಾಗಗಳನ್ನು ಮುಟ್ಟಿರಲಿಲ್ಲ.

ಇದರ ವಿಪರ್ಯಾಸವೂ ಕಂಡುಬಂದಿದೆ. 1996ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಸ್ಪೀಟಿನಂತಹ ಎಲೆಗಳನ್ನು ತೋರಿಸಿ, ಮಳೆಯೋ ಬಿಸಿಲೋ ಊಹಿಸಿರೆಂದು ಕೇಳಲಾಯಿತು; ಎಲೆಗಳಿಗೂ ಹವೆಗೂ ಇದ್ದ ಸಂಬಂಧ ಬರಿಗಣ್ಣಿಗೆ ಹೊಳೆಯದಷ್ಟು ಸಡಿಲವಾಗಿದ್ದಿತು. ವಿಸ್ಮೃತಿಯ ರೋಗಿಗಳು ಆಟವನ್ನೇ ಮರೆತರೂ ಊಹೆಯಲ್ಲಿ ಮುಂದುವರಿದರು. ಬೇಸಲ್ ಗ್ಯಾಂಗ್ಲಿಯಾ ಕೆಟ್ಟ ಕಂಪವಾತದ ರೋಗಿಗಳು ಆಟದ ವಿವರಗಳನ್ನೆಲ್ಲ ಚೆನ್ನಾಗಿ ಹೇಳಿದರು, ಊಹೆ ಮಾತ್ರ ಕುದುರಲಿಲ್ಲ.

ಕೈಚಳಕದ ವಿಷಯವಿಷ್ಟೇ ಆಗಿದ್ದರೆ ಇದೊಂದು ಸೋಜಿಗವೆಂದು ಬಿಡಬಹುದಾಗಿತ್ತು. ಆದರೆ ಭಯವೂ ಇದೇ ದಾರಿಯಲ್ಲಿ ನಡೆಯುತ್ತದೆ. ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪಾರೆಡ್ 1911ರಲ್ಲಿ ವರದಿಮಾಡಿದ ಸಂಗತಿಯನ್ನು ನೋಡಿ. ಆತನ ಚಿಕಿತ್ಸೆಯಲ್ಲಿದ್ದ ಮಹಿಳೆಯೊಬ್ಬಳಿಗೆ ಹೊಸ ನೆನಪು ನಿಲ್ಲುತ್ತಿರಲಿಲ್ಲವಾಗಿ, ವೈದ್ಯನು ತನ್ನ ಪರಿಚಯವನ್ನು ಮರಳಿ ಮರಳಿ ಹೇಳಿಕೊಳ್ಳಬೇಕಾಗಿತ್ತು. ಒಂದು ದಿನ ಆತನು ಬೆರಳ ಸಂದಿನಲ್ಲಿ ಗುಂಡುಸೂಜಿಯನ್ನು ಅಡಗಿಸಿಟ್ಟುಕೊಂಡು ಕೈಕುಲುಕಿದನು. (ಇಂದಿನ ಯಾವ ಆಸ್ಪತ್ರೆಯೂ ಇದಕ್ಕೆ ಒಪ್ಪಲಾರದು, ಒಪ್ಪಲೂ ಕೂಡದು.) ಚುಚ್ಚಿದ ನೋವನ್ನು ಆಕೆ ಬೇಗನೆಯೇ ಮರೆತಳು, ಆದರೆ ವೈದ್ಯನು ಮತ್ತೆ ಕೈಚಾಚಿದಾಗ ತನ್ನ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಏಕೆಂದು ಒತ್ತಾಯಿಸಿ ಕೇಳಲು, ಕೆಲವರ ಕೈಯಲ್ಲಿ ಸೂಜಿ ಅಡಗಿರುವುದುಂಟಷ್ಟೆ, ಎಂಬರ್ಥದ ಉತ್ತರ ಬಂದಿತು. ತನ್ನನ್ನು ಚುಚ್ಚಿದ ಸೂಜಿ ಆಕೆಯ ಪಾಲಿಗೆ ಲೋಕದ ಒಂದು ಸಾಮಾನ್ಯ ವಿಷಯವಾಗಿ ಉಳಿದಿದ್ದಿತು.

ಈ ಭಯದ ಪಹರೆ ಇರುವುದು ಹಿಪೊಕ್ಯಾಂಪಸ್ಸಿನ ಮುಂತುದಿಗೆ ಒತ್ತಿಕೊಂಡಿರುವ, ಬಾದಾಮಿಯ ಆಕಾರದ, ಹೆಸರಿನಲ್ಲಿಯೂ ಬಾದಾಮಿಯೇ ಆದ ಅಮಿಗ್ಡಲದಲ್ಲಿ. ಅಮೆರಿಕದ ಐಯೋವಾದಲ್ಲಿ ಬೆಚಾರಾ, ಡಮಾಸಿಯೊ ಮೊದಲಾದವರು 1995ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕನ್ನಡಿ ಹಿಡಿದಂತೆ ತೋರಿಸಿತು. ಬೇರೆಬೇರೆ ಬಣ್ಣಗಳನ್ನು ಪರದೆಯ ಮೇಲೆ ತೋರಿಸುತ್ತ, ಒಂದು ಬಣ್ಣದ ಬೆನ್ನಿಗೆ ಮಾತ್ರ ದೋಣಿಯ ಕರ್ಕಶವಾದ ಕಹಳೆಯನ್ನು ಮೊಳಗಿಸಿದರು. ಅಮಿಗ್ಡಲ ನಾಶವಾದ ರೋಗಿಯು ಯಾವ ಬಣ್ಣಕ್ಕೆ ಕಹಳೆ ಬರುವುದೆಂದು ಸರಿಯಾಗಿ ಹೇಳಿದಳಾದರೂ, ಆ ಬಣ್ಣ ಕಂಡಾಗ ಚರ್ಮದಲ್ಲಿ ಬೆವರಿನ ಸುಳಿವೂ ಇರಲಿಲ್ಲ. ಹಿಪೊಕ್ಯಾಂಪಸ್ ನಾಶವಾದವನಿಗೆ ಯಾವ ಬಣ್ಣವೆಂಬುದು ತಿಳಿಯದು. ಆದರೂ ಅಂಗೈ ಬೆವರಿತು.

ಹಾಗಾದರೆ ನಮ್ಮ ನಡತೆಗೆ ನಾವು ಕೊಡುವ ಕಾರಣಗಳ ಗತಿಯೇನು? ಹೊಸಬನೊಬ್ಬನನ್ನು ಕಂಡೊಡನೆ ಏಕೋ ಮನಸ್ಸು ಹಿಂಜರಿಯುತ್ತದೆ. ಕೇಳಿದರೆ ಆತನ ಮೀಸೆಯನ್ನೋ ಮಾತಿನ ಧಾಟಿಯನ್ನೋ ಹೊಣೆಮಾಡುತ್ತೇವೆ. ಎಂದೋ ಎಲ್ಲಿಯೋ ಚುಚ್ಚಿದ ಸೂಜಿಯೊಂದು ಒಳಗೆ ಕೆಲಸಮಾಡುತ್ತಿರಬಹುದು. ಕಥೆ ಹೇಳುವ ಕೋಣೆಗೆ ಸುದ್ದಿ ಬಾರದಿದ್ದಾಗ ಅದು ಸುಮ್ಮನಿರುವುದಿಲ್ಲ, ಒಂದು ಕಥೆಯನ್ನು ಕಟ್ಟಿಕೊಡುತ್ತದೆ. ನಮ್ಮ ದರ್ಶನಕಾರರು ಸ್ಮೃತಿಯೆಂಬ ಮಾತಿನ ಪಕ್ಕದಲ್ಲಿ ಸಂಸ್ಕಾರವೆಂಬ ಇನ್ನೊಂದು ಮಾತನ್ನು ಇಟ್ಟುಕೊಂಡಿದ್ದರು. ಕಂಡು ಮಾಡಿದ್ದರ ಅಚ್ಚು ನಮ್ಮ ಅರಿವಿಗೆ ಬಾರದೆಯೂ ಒಳಗೆ ಉಳಿದು ಕೆಲಸಮಾಡುವುದೆಂಬ ಭಾವ ಅದರಲ್ಲಿದೆ. ಇದನ್ನೇ ಹಿಡಿದು, ಪೂರ್ವಿಕರಿಗೆ ಮಿದುಳಿನ ವಿಜ್ಞಾನವೆಲ್ಲ ಕರತಲಾಮಲಕವಾಗಿತ್ತೆಂದು ಹೊರಡುವವರ ಗುಂಪಿಗೆ ನಾನು ಸೇರಿದವನಲ್ಲ. ಒಳ್ಳೆಯ ಪದವೊಂದು ಸಿದ್ಧವಾಗಿ ದೊರೆತದ್ದಕ್ಕೆ ಮಾತ್ರ ಋಣಿ. ಮನುಷ್ಯನು ನರಗಳ ಗೊಂಬೆ, ಆತನ ಇಚ್ಛೆಯೆಂಬುದೆಲ್ಲ ಭ್ರಮೆ, ಎಂದು ಅವಸರದಲ್ಲಿ ತೀರ್ಮಾನಿಸುವವರ ಜೊತೆಗೂ ನನಗೆ ನಡೆಯಲಾಗದು: ಗಿಣ್ಣಿನಲ್ಲಿ ಅಷ್ಟು ದೊಡ್ಡ ತೂತುಬಿದ್ದ ಹೆನ್ರಿಯು ಕೊನೆಯವರೆಗೂ ಸಭ್ಯನಾಗಿ, ಪದಬಂಧ ಬಿಡಿಸುತ್ತ, ಪರೀಕ್ಷೆಗೆ ಬಂದವರಿಗೆ ತಾಳ್ಮೆಯಿಂದ ಸಹಕರಿಸುತ್ತ ಬಾಳಿದನು.

ಬದುಕಿರುವವರೆಗೂ ಲೋಕ ಆತನನ್ನು ಎಚ್. ಎಂ. ಎಂಬ ಎರಡಕ್ಷರಗಳಿಂದ ಮಾತ್ರ ಅರಿತಿತ್ತು. ಪೂರ್ಣನಾಮ ಹೊರಬಿದ್ದದ್ದು 2008ರ ಡಿಸೆಂಬರಿನಲ್ಲಿ ಆತನು ತೀರಿಕೊಂಡ ಮೇಲೆ. ಮರುವರ್ಷ ಸ್ಯಾನ್ ಡಿಯಾಗೊ ನಗರದಲ್ಲಿ ಆ ಮಿದುಳನ್ನು ಹೆಪ್ಪುಗಟ್ಟಿಸಿ, ಕೂದಲೆಳೆಯಷ್ಟು ತೆಳುವಾದ 2,401 ಹಾಳೆಗಳಾಗಿ ಕೊಯ್ದಿಟ್ಟರು. ಆತನನ್ನು ದಶಕಗಳ ಕಾಲ ಅಭ್ಯಾಸಮಾಡಿದ ಸೂಸನ್ ಕಾರ್ಕಿನ್ ಎಂಬ ವಿದುಷಿ ಬಾಲ್ಯದಲ್ಲಿ ಬೆಳೆದದ್ದು, ಆಕಸ್ಮಿಕವಾಗಿ, ಸ್ಕೋವಿಲ್ಲನ ಮನೆಯ ಎದುರು ಬೀದಿಯಲ್ಲಿ. ಆಕೆ ಯಾರೆಂಬುದು ಹೆನ್ರಿಗೆ ಎಂದಿಗೂ ನಿಲ್ಲಲಿಲ್ಲ. ಆದರೆ ವರ್ಷಗಳು ಕಳೆದಂತೆ ಆಕೆಯ ಮುಖ ಎಲ್ಲಿಯೋ ನೋಡಿದಂತೆ ಆತನಿಗೆ ತೋರತೊಡಗಿತು. ನನ್ನನ್ನು ಎಲ್ಲಿ ಕಂಡಿದ್ದೀರಿ ಎಂದು ಆಕೆ ಕೇಳಿದರೆ, ಹೈಸ್ಕೂಲಿನಲ್ಲಿ, ಎನ್ನುತ್ತಿದ್ದನು.